ಗೋಬೆರೋದ ಖಾಲಿ ಸಾವಿರ ವರ್ಷ: ಹಸಿರು ಸಹಾರಾಕ್ಕೆ ಬಂದವರು, ಬಿಟ್ಟು ಹೋದವರು

2000ನೇ ಇಸವಿ. ಆಫ್ರಿಕಾದ ನೈಜರ್ ದೇಶ, ತೆನೆರೆ ಮರುಭೂಮಿ. ಷಿಕಾಗೋ ವಿಶ್ವವಿದ್ಯಾಲಯದ ಪಾಲ್ ಸೆರೆನೋ ಅವರ ತಂಡ ಡೈನೋಸಾರ್ ಎಲುಬು ಹುಡುಕಿಕೊಂಡು ಅಲ್ಲಿಗೆ ಹೋಗಿತ್ತು. ತಂಡದ ಛಾಯಾಗ್ರಾಹಕ ಮೈಕ್ ಹೆಟ್ವರ್ ಅವರ ಕಣ್ಣಿಗೆ ಬಿದ್ದದ್ದು ಬೇರೆಯೇ. ಮರಳಿನ ಸಣ್ಣ ದಿಬ್ಬಗಳ ಮೇಲೆ ಮನುಷ್ಯರ ಎಲುಬುಗಳು ತೆರೆದು ಬಿದ್ದಿದ್ದವು. ತಲೆಬುರುಡೆ, ದವಡೆ, ಬೆರಳಿನ ಮೂಳೆ. ಗಾಳಿ ಮೇಲಿನ ಮರಳನ್ನು ಸವರಿಕೊಂಡು ಹೋಗಿತ್ತು, ಅಷ್ಟೆ. ಸುತ್ತಮುತ್ತ ಮಡಕೆ ಚೂರು, ಮೀನಿನ ಮುಳ್ಳು, ಮೊಸಳೆಯ ಎಲುಬು, ನೀರುಕುದುರೆಯ ಎಲುಬು.

ತೆನೆರೆ ಅಂದರೆ ಅಲ್ಲಿನ ಟುವಾರೆಗ್ ಜನರ ಮಾತಿನಲ್ಲಿ ಮರುಭೂಮಿ ಎಂದೇ ಅರ್ಥ. ಅಂಥ ಕಡೆ ಮೊಸಳೆ!

ಆ ಜಾಗದ ಹೆಸರು ಗೋಬೆರೋ. 2005 ಮತ್ತು 2006ರಲ್ಲಿ ಸೆರೆನೋ ಮತ್ತೆ ಹೋದರು, ಇಟಲಿಯ ಪುರಾತತ್ವಜ್ಞೆ ಎಲೆನಾ ಗಾರ್ಚಿಯಾ ಅವರಂಥ ತಿಳಿದವರು ಜೊತೆ ಸೇರಿದರು, ನಿಧಾನವಾಗಿ ಅಗೆದರು. 2008ರಲ್ಲಿ ವರದಿ ಬಂತು. ಒಣಗಿಹೋದ ಒಂದು ಕೆರೆಯ ದಂಡೆಯಲ್ಲಿ ಸುಮಾರು 200 ಸಮಾಧಿಗಳಿದ್ದವು. ಎಲುಬು, ಮಡಕೆ, ಪ್ರಾಣಿಗಳ ಅವಶೇಷ ಎಲ್ಲ ಸೇರಿಸಿ 78 ಕಾರ್ಬನ್ ಕಾಲಮಾಪನ ಮಾಡಿದ್ದರು. ಅಷ್ಟು ದಿನಾಂಕಗಳನ್ನು ಒಂದು ಸಾಲಿನಲ್ಲಿ ಜೋಡಿಸಿ ನೋಡಿದಾಗ ನಡುವೆ ದೊಡ್ಡ ಖಾಲಿ ಜಾಗ ಕಾಣಿಸಿತು. ಸುಮಾರು ಸಾವಿರ ವರ್ಷ ಅಲ್ಲಿ ಯಾರನ್ನೂ ಹೂಳಿಲ್ಲ.

ನಾನು ಈ ಪ್ರಕರಣ ಆರಿಸಿಕೊಂಡಿದ್ದು ಆ ಖಾಲಿ ಜಾಗಕ್ಕಾಗಿ. ಹವಾಮಾನ ಬದಲಾಯಿತು, ಜನ ವಲಸೆ ಹೋದರು ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದು ಸುಲಭ. ನಕ್ಷೆಯ ಮೇಲೆ ಒಂದು ಬಾಣದ ಗುರುತು ಎಳೆದರೆ ಆಯಿತು. ಆದರೆ ಗೋಬೆರೋದಲ್ಲಿ ಬಾಣ ಎಳೆಯೋಕೆ ಆಗುವುದಿಲ್ಲ. ಜನ ಬಂದರು, ತಲೆಮಾರುಗಟ್ಟಲೆ ಇದ್ದರು, ಹೋದರು. ಸಾವಿರ ವರ್ಷದ ನಂತರ ಮತ್ತೆ ಜನ ಬಂದರು. ಬಂದವರು ಮೊದಲಿನವರ ಹಾಗೆ ಇರಲಿಲ್ಲ.

ಮೊದಲು ಬಂದವರು

ಮೊದಲಿನವರನ್ನು ಕಿಫಿಯನ್ ಜನ ಎಂದು ಕರೆಯುತ್ತಾರೆ. ಅವರು ಇಲ್ಲಿ ನೆಲೆಸಿದ್ದು ಸುಮಾರಾಗಿ ಕ್ರಿ.ಪೂ. 7700ರಿಂದ 6200ರವರೆಗೆ. ಕ್ರಿ.ಪೂ. 7500ರ ಸುಮಾರಿನ ಅವರ ಸ್ಮಶಾನವೇ ಸಹಾರಾದಲ್ಲಿ ಈವರೆಗೆ ಸಿಕ್ಕ ಸ್ಮಶಾನಗಳಲ್ಲಿ ಹಳೆಯದು ಎಂದು ಆ ವರದಿ ಹೇಳಿತು. ಗಟ್ಟಿ ಮೈಕಟ್ಟಿನ ಎತ್ತರದ ಆಳುಗಳು, ಕೆಲವರು ಹತ್ತಿರ ಹತ್ತಿರ ಎರಡು ಮೀಟರ್. ತೊಡೆಯ ಮೂಳೆಯ ಹಿಂಭಾಗದಲ್ಲಿ ಸ್ನಾಯು ಅಂಟುವ ಕಡೆ ಒಂದು ಏಣು ಇರುತ್ತದೆ. ಇವರಲ್ಲಿ ಅದು ಎದ್ದು ಕಾಣುವಷ್ಟು ದಪ್ಪ. ಜೀವನವಿಡೀ ಮೈಮುರಿದು ದುಡಿದವರ, ಚೆನ್ನಾಗಿ ಮೀನು ಮಾಂಸ ತಿಂದವರ ಕಾಲು ಅದು.

ಅವರ ಸಾಮಾನು ನೋಡಿದರೆ ಬದುಕು ಕಣ್ಣಿಗೆ ಕಟ್ಟುತ್ತದೆ. ಎಲುಬಿನಿಂದ ಕೆತ್ತಿದ ಮುಳ್ಳು ಮುಳ್ಳಾದ ಈಟಿಮೊನೆಗಳು, ಎಲುಬಿನ ಗಾಳಗಳು. ಅವರು ಹಿಡಿಯುತ್ತಿದ್ದ ಮೀನುಗಳಲ್ಲಿ ನೈಲ್ ಪರ್ಚ್ ಒಂದು. ಅದು ಆಳದ ನೀರು ಬೇಡುವ, ಆಳೆತ್ತರ ಬೆಳೆಯಬಲ್ಲ ಮೀನು. ಮಡಕೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಒತ್ತಿದ ಅಲೆಯಂಥ ಗೆರೆ. ಈ ಅಲೆಗೆರೆ ಮಡಕೆ ಗೋಬೆರೋದಲ್ಲಷ್ಟೇ ಅಲ್ಲ, ಅಲ್ಲಿಂದ ಪೂರ್ವಕ್ಕೆ ಸುಡಾನಿನ ನೈಲ್ ದಂಡೆಯವರೆಗೂ ಸಿಗುತ್ತದೆ. ಇವತ್ತು ಮರಳೇ ಮರಳಾಗಿರುವ ಇಷ್ಟು ದೂರದ ದಾರಿಯಲ್ಲಿ ಒಂದು ಕಾಲಕ್ಕೆ ನೀರಿನಿಂದ ನೀರಿಗೆ ಜನರ ಓಡಾಟವಿತ್ತು, ಒಬ್ಬರ ಕೈಕೆಲಸ ಇನ್ನೊಬ್ಬರಿಗೆ ದಾಟುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಗುರುತು ಬೇಕಾ?

ಸತ್ತವರನ್ನು ಅವರು ಹೂಳುತ್ತಿದ್ದ ರೀತಿ ಬೇರೆ. ಮೊಣಕಾಲು ಎದೆಗೆ ಒತ್ತುವಷ್ಟು ಮಡಿಚಿ, ಇಡೀ ಮೈಯನ್ನು ಗಂಟಿನ ಹಾಗೆ ಮುದುಡಿ ಇಟ್ಟಿದ್ದಾರೆ. ತೊಗಲಿನಲ್ಲೋ ಹಗ್ಗದಲ್ಲೋ ಬಿಗಿದು ಕಟ್ಟದೆ ಹಾಗೆ ಮಡಿಚೋಕೆ ಆಗುವುದಿಲ್ಲ.

ಅಲ್ಲಿಗೆ ನೀರು ಎಲ್ಲಿಂದ ಬಂತು

ಇದನ್ನು ಅರ್ಥ ಮಾಡಿಕೊಳ್ಳೋಕೆ ಬುಗುರಿ ಸಾಕು. ತಿರುಗುತ್ತಾ ಇರುವ ಬುಗುರಿ ನಿಲ್ಲುವ ಮುಂಚೆ ತಲೆ ಓಲಾಡಿಸುತ್ತದೆ ಅಲ್ವಾ? ಭೂಮಿಯ ಅಕ್ಷವೂ ಹಾಗೇ ನಿಧಾನವಾಗಿ ಓಲಾಡುತ್ತದೆ. ಈ ಓಲಾಟದ ಫಲವಾಗಿ ಭೂಮಿ ಸೂರ್ಯನಿಗೆ ತೀರಾ ಹತ್ತಿರ ಇರುವ ತಿಂಗಳು ಬದಲಾಗುತ್ತಾ ಹೋಗುತ್ತದೆ. ಒಂದು ಸುತ್ತಿಗೆ ಹೆಚ್ಚುಕಡಿಮೆ 20 ಸಾವಿರ ವರ್ಷ. ಈಗ ನಾವು ಸೂರ್ಯನಿಗೆ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ. ಸುಮಾರು 10-11 ಸಾವಿರ ವರ್ಷದ ಹಿಂದೆ ಅದು ಉತ್ತರ ಗೋಳಾರ್ಧದ ಬೇಸಿಗೆಯಲ್ಲಿ ಬೀಳುತ್ತಿತ್ತು. ಹಾಗಾಗಿ ಉತ್ತರದ ಬೇಸಿಗೆ ಬಿಸಿಲು ಈಗಿನದಕ್ಕಿಂತ ಶೇ. 7-8ರಷ್ಟು ಜಾಸ್ತಿ ಇತ್ತು.

ಬಿಸಿಲು ಜಾಸ್ತಿಯಾದರೆ ಮರುಭೂಮಿ ಇನ್ನೂ ಒಣಗಬೇಕಲ್ಲ ಅನ್ನಿಸಬಹುದು. ನಮ್ಮ ಮುಂಗಾರನ್ನು ನೆನಪಿಸಿಕೊಳ್ಳಿ. ಏಪ್ರಿಲ್ ಮೇ ತಿಂಗಳಲ್ಲಿ ನೆಲ ಕಾದಷ್ಟೂ ಗಾಳಿ ಮೇಲೇರುತ್ತದೆ, ಆ ಜಾಗ ತುಂಬೋಕೆ ಸಮುದ್ರದಿಂದ ತೇವದ ಗಾಳಿ ನುಗ್ಗುತ್ತದೆ. ಆಫ್ರಿಕಾದಲ್ಲೂ ಅದೇ ಲೆಕ್ಕ. ನೆಲ ಜಾಸ್ತಿ ಕಾಯಿತು, ಅಟ್ಲಾಂಟಿಕ್ ಕಡೆಯ ಮಳೆಗಾಳಿ ಉತ್ತರಕ್ಕೆ ನೂರಾರು ಕಿಲೋಮೀಟರ್ ಜಾಸ್ತಿ ಒಳನುಗ್ಗಿತು. ಅದೇ ಕಾಲಕ್ಕೆ ನಮ್ಮ ಮುಂಗಾರೂ ಬಲವಾಗಿತ್ತು. ಒಮಾನಿನ ದಕ್ಷಿಣದಲ್ಲಿರುವ ಕುನ್ಫ್ ಗುಹೆಯೊಳಗೆ ತೊಟ್ಟು ತೊಟ್ಟಾಗಿ ಬೆಳೆದ ಸುಣ್ಣದ ಕಂಬಗಳಲ್ಲಿ ಆ ಮಳೆಯ ಲೆಕ್ಕ ಪದರ ಪದರವಾಗಿ ಉಳಿದಿದೆ. ಸುಮಾರು 14,800 ವರ್ಷದ ಹಿಂದೆ ಶುರುವಾಗಿ, ನಡುವೆ ಒಂದು ಸಾವಿರ ವರ್ಷ ಮೀರಿದ ಚಳಿ-ಒಣಗಾಲ ಬಂದು ಹೋಗಿ, ಹೆಚ್ಚುಕಡಿಮೆ 5,500 ವರ್ಷದ ಹಿಂದಿನವರೆಗೂ ನಡೆದ ಈ ಕಾಲವನ್ನೇ ಹಸಿರು ಸಹಾರಾ ಎನ್ನುವುದು.

ಈ ಕಥೆಯಲ್ಲಿ ಗಿಡಮರದ ಪಾಲು ದೊಡ್ಡದು. ಸೂರ್ಯನ ಲೆಕ್ಕವೊಂದನ್ನೇ ಕಂಪ್ಯೂಟರ್ ಮಾದರಿಗೆ ಹಾಕಿದರೆ ಸಹಾರಾ ಅಷ್ಟು ಹಸಿರಾಗುವುದಿಲ್ಲ, ಮಳೆ ಸಾಲುವುದಿಲ್ಲ. ಹುಲ್ಲು, ಪೊದೆ, ಕೆರೆಗಳನ್ನೂ ಸೇರಿಸಿದಾಗ ಲೆಕ್ಕ ನಿಜಕ್ಕೆ ಹತ್ತಿರ ಬರುತ್ತದೆ. ಕಾರಣ ಇಷ್ಟೇ: ಬೋಳು ಮರಳು ತಿಳಿಬಣ್ಣದ್ದು, ಬಿದ್ದ ಬಿಸಿಲನ್ನು ವಾಪಸ್ ಎಸೆಯುತ್ತದೆ. ಹುಲ್ಲು ಹಬ್ಬಿದ ನೆಲ ಕಪ್ಪಗಾಗಿ ಬಿಸಿಲನ್ನು ಹೀರುತ್ತದೆ, ಬೇರಿನಿಂದ ನೀರೆಳೆದು ಎಲೆಯಿಂದ ಗಾಳಿಗೆ ಬಿಡುತ್ತದೆ, ದೂಳನ್ನೂ ಹಿಡಿದಿಡುತ್ತದೆ. ಮಳೆಯಿಂದ ಹುಲ್ಲು ಬಂತು, ಹುಲ್ಲು ಇನ್ನಷ್ಟು ಮಳೆಯನ್ನು ಕರೆಯಿತು. ದಕ್ಷಿಣದ ಹುಲ್ಲುಗಾವಲು ಉತ್ತರಕ್ಕೆ ಹಬ್ಬಿತು, ಹಳ್ಳ ಕೊಳ್ಳದ ತೇವ ಹಿಡಿದು ಉಷ್ಣವಲಯದ ಮರಗಳೂ ಅದರ ಹಿಂದೆ ಹೋದವು. ಜಿಂಕೆಯ ಜಾತಿಗಳು, ಆನೆ, ಜಿರಾಫೆ ಹುಲ್ಲು ಮರದ ಹಿಂದೆ. ಜನ ಇವೆಲ್ಲದರ ಹಿಂದೆ.

ಆಗಿನ ಚಾಡ್ ಸರೋವರದ ವಿಸ್ತಾರ ಕೇಳಿದರೆ ನಂಬೋಕೆ ಕಷ್ಟ. ಮೂರೂವರೆ ಲಕ್ಷ ಚದರ ಕಿಲೋಮೀಟರ್ ಮೀರಿ ನೀರು ನಿಂತಿತ್ತು. ನಮ್ಮ ಇಡೀ ಕರ್ನಾಟಕ 1,91,791 ಚದರ ಕಿಲೋಮೀಟರ್. ಅದರ ಹತ್ತಿರ ಹತ್ತಿರ ಎರಡರಷ್ಟು! ಗೋಬೆರೋ ಇರುವುದು ಇದೇ ಚಾಡ್ ತಗ್ಗಿನ ಅಂಚಿನಲ್ಲಿ. ಆ ಮಹಾ ಸರೋವರದ ತಳವಾಗಿದ್ದ ಬೊಡೆಲೆ ಎಂಬ ಜಾಗ ಇವತ್ತು ಪ್ರಪಂಚದಲ್ಲೇ ಅತಿ ಹೆಚ್ಚು ದೂಳು ಏಳುವ ಜಾಗಗಳಲ್ಲಿ ಒಂದು. ಆಗ ನೀರಿನಲ್ಲಿ ಬದುಕಿದ್ದ ಕಣ್ಣಿಗೆ ಕಾಣದ ಪಾಚಿಗಳ ಚಿಪ್ಪೇ ಈಗ ಬಿಳಿ ದೂಳಾಗಿ ಅಟ್ಲಾಂಟಿಕ್ ದಾಟಿ ಅಮೆಜಾನ್ ಕಾಡಿನವರೆಗೆ ಹೋಗುತ್ತದೆ.

ಖಾಲಿ ಸಾವಿರ ವರ್ಷ

ಈಗ ಆ ಖಾಲಿ ಜಾಗಕ್ಕೆ ಬರೋಣ. ಕ್ರಿ.ಪೂ. 6200ರ ಸುಮಾರಿಗೆ ಕಿಫಿಯನ್ ಜನರ ಗುರುತು ನಿಂತುಹೋಗುತ್ತದೆ. ಹೊಸ ಸಮಾಧಿಗಳು ಶುರುವಾಗುವುದು ಕ್ರಿ.ಪೂ. 5200ರ ಈಚೆಗೆ.

ಕ್ರಿ.ಪೂ. 6200 ಅಂದರೆ ಇವತ್ತಿಗೆ ಸುಮಾರು 8,200 ವರ್ಷ. ಹವಾಮಾನದ ಇತಿಹಾಸ ಓದಿದವರಿಗೆ ಈ ಅಂಕಿ ಬಾಯಿಪಾಠ. ಉತ್ತರ ಅಮೆರಿಕದಲ್ಲಿ ಕರಗುತ್ತಿದ್ದ ಹಿಮದ ಹಾಸಿನ ಹಿಂದೆ ಕಟ್ಟಿಕೊಂಡಿದ್ದ ತಣ್ಣೀರು ಒಮ್ಮೆಲೇ ಸಮುದ್ರಕ್ಕೆ ನುಗ್ಗಿತು, ಉತ್ತರ ಅಟ್ಲಾಂಟಿಕ್ ತಣ್ಣಗಾಯಿತು, ಅದರ ಜೊತೆಗೆ ಮಳೆಗಾಳಿಯೂ ಸೊರಗಿತು. ಕೆನಡಾ ಕಡೆಯ ಹಿಮದ ನೀರಿಗೂ ನೈಜರಿನ ಕೆರೆ ದಂಡೆಯ ಬೆಸ್ತನಿಗೂ ನಂಟು. ಆತನಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಆತ ಕಂಡದ್ದು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುವ ದಂಡೆ, ಚಿಕ್ಕದಾಗುವ ಮೀನು, ಕೆಸರು.

ಇಲ್ಲಿ ಒಂದು ವಿಷಯ ಬಿಟ್ಟುಬಿಡಬಾರದು. ಆ ಚಳಿಯ ಹೊಡೆತ ಇದ್ದದ್ದು ನೂರೈವತ್ತು ವರ್ಷದ ಆಸುಪಾಸು. ಗೋಬೆರೋ ಖಾಲಿ ಇದ್ದದ್ದು ಸಾವಿರ ವರ್ಷ. ಹಾಗಾದರೆ ಎಂಟುನೂರು ಚಿಲ್ಲರೆ ವರ್ಷ ಯಾಕೆ ಯಾರೂ ತಿರುಗಿ ನೋಡಲಿಲ್ಲ? ಒಂದು, ಈ ಜಾಗದ ಒಣಗಾಲ ಆ ಒಂದು ಹೊಡೆತಕ್ಕಿಂತ ಉದ್ದ ಇತ್ತು. ಇನ್ನೊಂದು, ಇದು ನನ್ನ ಅನ್ನಿಸಿಕೆ: ಹೋದವರು ಇನ್ನೊಂದು ಕೆರೆಯ ದಂಡೆಯಲ್ಲಿ ಬೇರೂರಿರುತ್ತಾರೆ. ಮೂರು ತಲೆಮಾರು ಕಳೆದರೆ ಮೊಮ್ಮಕ್ಕಳಿಗೆ ಆ ಹಳೇ ಕೆರೆಗೆ ಹೋಗುವ ದಾರಿಯೇ ಗೊತ್ತಿರುವುದಿಲ್ಲ. ನೀರು ತಿರುಗಿ ತುಂಬಿದರೂ ಹೇಳಿಕೊಡುವವರು ಬೇಕಲ್ಲ. ನಮ್ಮೂರ ಕಡೆ ಅಣೆಕಟ್ಟಿಗೆ ಮುಳುಗಿದ ಹಳ್ಳಿಗಳ ಮೊಮ್ಮಕ್ಕಳನ್ನು ಕೇಳಿ ನೋಡಿ, ಹಳೇ ಊರಿನ ಬಾವಿ ಎಲ್ಲಿತ್ತು ಅಂತ ತೋರಿಸೋಕೆ ಆಗುವುದಿಲ್ಲ. ಐವತ್ತು ಅರವತ್ತು ವರ್ಷಕ್ಕೇ ಹಾಗೆ.

ಎರಡನೇ ಸಲ ಬಂದವರು

ಎರಡನೇ ಗುಂಪನ್ನು ತೆನೆರಿಯನ್ ಎನ್ನುತ್ತಾರೆ. ಕ್ರಿ.ಪೂ. 5200ರಿಂದ 2500ರವರೆಗೆ ಇವರ ಕಾಲ. ಕಿಫಿಯನ್ನರಿಗಿಂತ ಗಿಡ್ಡ, ಸಣಕಲು ಮೈ. ತೊಡೆ ಮೂಳೆಯ ಆ ಏಣು ಇವರಲ್ಲಿ ಕೈಯಾಡಿಸಿದರೆ ಮಾತ್ರ ಗೊತ್ತಾಗುವಷ್ಟು. ತಲೆಬುರುಡೆಯ ಆಕಾರವೂ ಬೇರೆ. ಬದುಕೂ ಬೇರೆ: ಮೀನು, ಕಪ್ಪೆಚಿಪ್ಪು, ಹುಲ್ಲುಗಾವಲಿನ ಬೇಟೆ, ಜೊತೆಗೆ ಒಂದಿಷ್ಟು ದನ. ಮೊದಲಿನವರು ಹೂತ ದಿಬ್ಬದಲ್ಲೇ, ಅವರ ಸಮಾಧಿಗಳ ಪಕ್ಕದಲ್ಲೇ ಇವರೂ ತಮ್ಮವರನ್ನು ಹೂತರು. ಅದಕ್ಕೇ ಅಗೆದವರಿಗೆ ಮೊದಲು ತಲೆ ಕೆಟ್ಟಿದ್ದು. ಒಂದೇ ಸ್ಮಶಾನದಲ್ಲಿ ಇಷ್ಟು ಬೇರೆ ಬೇರೆ ಜನ ಹೇಗೆ? ಕಾಲಮಾಪನದ ಅಂಕಿಗಳು ಬಂದ ಮೇಲೆಯೇ ಗಂಟು ಬಿಚ್ಚಿತು.

ಇವರು ಸತ್ತವರನ್ನು ಒಡವೆ ವಸ್ತುವಿನ ಜೊತೆ ಕಳಿಸುತ್ತಿದ್ದರು. ಒಬ್ಬ ಹುಡುಗಿಯ ತೋಳಿನಲ್ಲಿ ನೀರುಕುದುರೆಯ ದಂತದ ಬಳೆ. ಒಬ್ಬ ಗಂಡಸನ್ನು ಆಮೆಯ ಚಿಪ್ಪಿನ ಮೇಲೆ ಕೂರಿಸಿದ ಹಾಗೆ ಇಟ್ಟಿದ್ದಾರೆ.

ಇನ್ನೊಂದು ಸಮಾಧಿಯ ಚಿತ್ರ ನೋಡಿದ ಮೇಲೆ ನನಗೆ ಮರೆಯೋಕೆ ಆಗಿಲ್ಲ. ಒಬ್ಬ ಹೆಂಗಸು ಒಂದು ಮಗ್ಗುಲಾಗಿ ಮಲಗಿದ್ದಾಳೆ. ಎದುರಿಗೆ ಎರಡು ಮಕ್ಕಳು, ಒಂದಕ್ಕೆ ಐದರ ಆಸುಪಾಸು, ಇನ್ನೊಂದಕ್ಕೆ ಎಂಟರ ಆಸುಪಾಸು. ಮಕ್ಕಳ ಕೈ ಅವಳ ಕಡೆ ಚಾಚಿವೆ. ತೋಳುಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಬೆರಳುಗಳು ಸೇರಿಕೊಂಡಿವೆ. ಸುಮಾರು 5,300 ವರ್ಷದಿಂದ ಹಾಗೇ. ಎಲುಬಿನ ಮೇಲೆ ಗಾಯದ ಗುರುತಿಲ್ಲ. ಬದಿಯಲ್ಲಿ ನಾಲ್ಕು ಕಲ್ಲಿನ ಬಾಣದ ಮೊನೆಗಳಿದ್ದವು, ಅವನ್ನು ಯಾವುದಕ್ಕೂ ಬಳಸಿದ ಹಾಗಿಲ್ಲ. ಮಾಡಿ ತಂದು ಇಟ್ಟಂತಿದೆ. ಕೆಳಗಿನ ಮರಳಿನಲ್ಲಿ ಹೂವಿನ ಪರಾಗ ಗೊಂಚಲು ಗೊಂಚಲಾಗಿ ಸಿಕ್ಕಿತು. ಹೂ ಹಾಸಿ ಮಲಗಿಸಿದ್ದರು ಎಂದು ಅಗೆದವರು ತಿಳಿದರು.

5,300 ವರ್ಷದ ಹಿಂದೆ ಅಂದರೆ ಸಹಾರಾದ ಹಸಿರು ಮುಗಿಯುತ್ತಾ ಬಂದಿದ್ದ ಹೊತ್ತು. ಉತ್ತರದಲ್ಲಿ ಆಗಲೇ ಮರಳು ಏಳುತ್ತಿತ್ತು. ಗೋಬೆರೋದ ಕೆರೆಯಲ್ಲಿ ಮಾತ್ರ ಇನ್ನೂ ನೀರಿತ್ತು, ದಂಡೆಯಲ್ಲಿ ಇನ್ನೂ ಹೂ ಬಿಡುತ್ತಿತ್ತು.

ಒಮ್ಮೆಲೇ ಒಣಗಿತೋ, ನಿಧಾನವಾಗಿಯೋ

ಇದರ ಬಗ್ಗೆ ವಿಜ್ಞಾನಿಗಳಲ್ಲಿ ದೊಡ್ಡ ಚರ್ಚೆಯೇ ಆಗಿದೆ. 2000ದಲ್ಲಿ ಪೀಟರ್ ಡಿ ಮೆನೊಕಾಲ್ ಮತ್ತು ಜೊತೆಯವರು ಮಾರಿಟೇನಿಯಾ ಕರಾವಳಿಯಾಚೆ ಸಮುದ್ರದ ತಳದಿಂದ ತೆಗೆದ ಕೆಸರಿನ ಕಂಬ ಓದಿದರು. ಸಹಾರಾದಿಂದ ಹಾರಿ ಬಂದ ದೂಳು ಅದರಲ್ಲಿ ಸುಮಾರು 5,500 ವರ್ಷದ ಹಿಂದೆ ತಟ್ಟನೆ ಜಾಸ್ತಿಯಾಗುತ್ತದೆ. ಕೆಲವೇ ಶತಮಾನಗಳಲ್ಲಿ ಹಸಿರು ಕುಸಿಯಿತು ಎಂದು ಅವರು ಹೇಳಿದರು. 2008ರಲ್ಲಿ ಸ್ಟೆಫಾನ್ ಕ್ರೋಪೆಲಿನ್ ತಂಡ ಚಾಡ್ ದೇಶದ ಈಶಾನ್ಯದಲ್ಲಿರುವ ಯೋಆ ಸರೋವರದ ಕೆಸರು ಓದಿತು. ಅಂತರ್ಜಲದಿಂದ ಇವತ್ತಿಗೂ ಬದುಕಿರುವ ಸರೋವರ ಅದು, ತಳದಲ್ಲಿ ವರ್ಷಕ್ಕೊಂದು ಪದರ ಕೂತಿದೆ. ಅಲ್ಲಿನ ಪರಾಗ ಬೇರೆ ಕಥೆ ಹೇಳಿತು. ಮೊದಲು ಉಷ್ಣವಲಯದ ಮರಗಳು ಕಮ್ಮಿಯಾದವು, ಆಮೇಲೆ ಹುಲ್ಲು ತೆಳ್ಳಗಾಯಿತು, ಆಮೇಲೆ ಮರುಭೂಮಿಯ ಗಿಡಗಳು ಬಂದವು. ಇಷ್ಟಾಗೋಕೆ 6,000 ವರ್ಷದ ಹಿಂದಿನಿಂದ 2,700 ವರ್ಷದ ಹಿಂದಿನವರೆಗೆ ಹಿಡಿಯಿತು.

ನನಗೆ ಇಬ್ಬರೂ ಸರಿ ಅನ್ನಿಸುತ್ತದೆ. ಎರಡೂ ಕಂಬಗಳು ಬೇರೆ ಬೇರೆ ಜಾಗದ್ದು. ಮಳೆಪಟ್ಟೆ ದಕ್ಷಿಣಕ್ಕೆ ಜಾರುತ್ತಿದ್ದಾಗ ಉತ್ತರದ ಊರು ಮೊದಲು ಒಣಗುತ್ತದೆ, ದಕ್ಷಿಣದ್ದು ಆಮೇಲೆ. ಎತ್ತರದ ಜಾಗದಲ್ಲಿ ಮಳೆ ಇನ್ನಷ್ಟು ದಿನ ಉಳಿಯುತ್ತದೆ, ಅಂತರ್ಜಲ ಇದ್ದ ಕಡೆ ಕೆರೆ ಬತ್ತೋಕೆ ತಡ. ಒಂದು ಸಲದ ಮಳೆ ಸೋತರೆ ಬಯಲಿನ ಹುಲ್ಲು ಹೋಗುತ್ತದೆ, ಹಳ್ಳದ ಮರ ಹತ್ತು ಬೇಸಿಗೆ ತಡೆದುಕೊಳ್ಳುತ್ತದೆ. ಹಾಗಾಗಿ ಸಹಾರಾ ಯಾವಾಗ ಒಣಗಿತು ಅಂತ ಒಂದೇ ಇಸವಿ ಕೇಳುವುದರಲ್ಲಿ ಅರ್ಥವಿಲ್ಲ. ಅಲ್ಲಿದ್ದ ಒಂದೊಂದು ಗುಂಪಿಗೆ ತಮ್ಮ ತಮ್ಮ ಕೆರೆ ಒಣಗಿದ ಒಂದೊಂದು ವರ್ಷ ಇತ್ತು.

ಪೂರ್ವ ಸಹಾರಾದಲ್ಲಿ ಇದು ಇನ್ನೂ ಸ್ಪಷ್ಟ. ರುಡಾಲ್ಫ್ ಕೂಪರ್ ಮತ್ತು ಕ್ರೋಪೆಲಿನ್ ಈಜಿಪ್ಟ್, ಸುಡಾನ್ ಕಡೆಯ ನೆಲೆಗಳ ನೂರಾರು ದಿನಾಂಕಗಳನ್ನು ಸೇರಿಸಿ 2006ರಲ್ಲಿ ಒಂದು ಚಿತ್ರ ಕೊಟ್ಟರು. ಕ್ರಿ.ಪೂ. 8500ರ ಸುಮಾರಿಗೆ ಮಳೆ ಬಂತು, ಕೆಲವೇ ಶತಮಾನಗಳಲ್ಲಿ ಜನ ಎಲ್ಲ ಕಡೆ ಹರಡಿದರು. ಆ ಹೊತ್ತಿನಲ್ಲಿ ಈಜಿಪ್ಟಿನ ನೈಲ್ ಕಣಿವೆಯಲ್ಲಿ ನೆಲೆಗಳು ಬಹಳ ಕಮ್ಮಿ. ನದಿ ಉಕ್ಕಿ ಹರಿಯುತ್ತಿತ್ತು, ಜವುಗು ಜಾಸ್ತಿ, ಆಚೆ ಬಯಲೇ ಚೆನ್ನಾಗಿತ್ತು. ಕ್ರಿ.ಪೂ. 5300ರ ನಂತರ ಮಳೆ ಹಿಂದೆ ಸರಿಯಿತು. ಜನ ನೀರು ಉಳಿದ ಕಡೆ ಸೇರಿದರು: ಗಿಲ್ಫ್ ಕೆಬೀರ್ ಪ್ರಸ್ಥಭೂಮಿ, ದಕ್ಷಿಣದ ಸುಡಾನ್ ಕಡೆ, ನೈಲ್ ಕಣಿವೆ. ಕ್ರಿ.ಪೂ. 3500ರ ಹೊತ್ತಿಗೆ ಈಜಿಪ್ಟಿನ ಸಹಾರಾ ಪೂರ್ತಿ ಮರುಭೂಮಿ. ಅದಾಗಿ ನಾಲ್ಕೈದು ಶತಮಾನದಲ್ಲಿ ನೈಲ್ ದಂಡೆಯಲ್ಲಿ ಫೆರೋಗಳ ರಾಜ್ಯ ನಿಂತಿತು. ಗಿಲ್ಫ್ ಕೆಬೀರ್ ಕಡೆಯ ವಾದಿ ಸುರಾದಲ್ಲಿ 1933ರಲ್ಲಿ ಲಾಸ್ಲೋ ಅಲ್ಮಾಷಿ ಕಂಡ ಗುಹೆಯ ಗೋಡೆಯ ಮೇಲೆ ಈಜುವವರಂತೆ ಕಾಣುವ ಪುಟ್ಟ ಮನುಷ್ಯರಿದ್ದಾರೆ. ಈಜಿಪ್ಟಿನ ದಕ್ಷಿಣ ತುದಿಯ ಅಬು ಸಿಂಬೆಲ್‌ನಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ನಬ್ಟಾ ಪ್ಲಾಯಾದಲ್ಲಿ ಗುಡಿಸಲುಗಳ ಗುರುತು, ಆಳದ ಬಾವಿಗಳಿವೆ. ಕಲ್ಲುಗುಡ್ಡೆಯ ಕೆಳಗೆ ಮಣ್ಣು ಮೆತ್ತಿದ ಕೋಣೆ ಮಾಡಿ ಒಂದು ಹಸುವನ್ನು ಇಡಿಯಾಗಿ ಹೂತಿದ್ದಾರೆ. ದನವನ್ನು ಮನೆಯವರ ಹಾಗೆ ಕಂಡವರು.

ಈ ದನಗಾಹಿಗಳ ಮೇಲೆಯೇ ಕೆಲವರು ತಪ್ಪು ಹೊರಿಸಿದ್ದುಂಟು. ದನ ಮೇಯಿಸಿ ಹುಲ್ಲು ತೆಗೆದದ್ದರಿಂದಲೇ ಸಹಾರಾ ಬೇಗ ಮರುಭೂಮಿಯಾಯಿತು ಎಂಬ ವಾದ 2017ರಲ್ಲಿ ಬಂತು. ಮರುವರ್ಷವೇ ಇನ್ನೊಂದು ತಂಡ ಅದಕ್ಕೆ ಉಲ್ಟಾ ಹೇಳಿತು. ಅವರ ಲೆಕ್ಕದಲ್ಲಿ, ಜಾಗದಿಂದ ಜಾಗಕ್ಕೆ ಸಾಗುತ್ತಾ ಮೇಯಿಸಿದ ಆ ಜನರಿಂದ ಹಸಿರು ಕುಸಿಯುವುದು ತಡವಾಯಿತು. ನನ್ನ ಒಲವು ಎರಡನೆಯದರ ಕಡೆ. ಹುಲ್ಲಿನ ಮೇಲೆ ಬದುಕುವವನಿಗೆ ಯಾವ ಬಯಲಿಗೆ ಯಾವಾಗ ಬಿಡುವು ಕೊಡಬೇಕು ಅನ್ನುವುದು ಗೊತ್ತಿರಲೇಬೇಕು.

ವಿದ್ಯೆ ಸಾಗಿತೋ, ಮನುಷ್ಯರು ಸಾಗಿದರೋ

ಹಸಿರು ಸಹಾರಾ ಅಂದರೆ ದಾರಿ ತೆರೆಯಿತು, ಉತ್ತರದವರೂ ದಕ್ಷಿಣದವರೂ ಬೆರೆತರು ಎಂದು ನಾನೂ ಅಂದುಕೊಂಡಿದ್ದೆ. 2025ರಲ್ಲಿ ಬಂದ ಒಂದು ಅಧ್ಯಯನ ಅದನ್ನು ಅಲ್ಲಾಡಿಸಿತು. ಲಿಬಿಯಾದ ನೈರುತ್ಯದಲ್ಲಿ ಅಕಾಕುಸ್ ಬೆಟ್ಟಸಾಲು ಇದೆ. ಅಲ್ಲಿನ ತಕರ್ಕೋರಿ ಎಂಬ ಬಂಡೆಯಾಸರೆಯಲ್ಲಿ ಸುಮಾರು 7,000 ವರ್ಷ ಹಳೆಯ ಇಬ್ಬರು ಹೆಂಗಸರ ದೇಹಗಳು ಒಣಗಿ ಉಳಿದಿದ್ದವು. ಅವರ ಡಿಎನ್ಎ ಓದಿದಾಗ ಸಹಾರಾದ ದಕ್ಷಿಣದವರ ಜೊತೆ ಹತ್ತಿರದ ನಂಟು ಕಾಣಲಿಲ್ಲ. ಅವರ ಬೇರು ಹೆಚ್ಚಾಗಿ ಉತ್ತರ ಆಫ್ರಿಕಾದ್ದೇ ಆದ ಬಹಳ ಹಳೆಯ ಒಂದು ವಂಶದ್ದು, ಮೊರಾಕ್ಕೋದ ತಾಫೊರಾಲ್ತ್ ಗುಹೆಯ 15,000 ವರ್ಷ ಹಿಂದಿನ ಜನರಿಗೆ ಹತ್ತಿರ.

ಇದೇ ತಕರ್ಕೋರಿಯ ಮಡಕೆ ಚೂರುಗಳಲ್ಲಿ ಸುಮಾರು 7,000 ವರ್ಷ ಹಿಂದಿನ ಹಾಲಿನ ಜಿಡ್ಡು ಸಿಕ್ಕಿದೆ ಎಂದು 2012ರಲ್ಲೇ ಗೊತ್ತಾಗಿತ್ತು. ಮಡಕೆಯ ಒಳಮೈ ಹೀರಿಕೊಂಡ ಹಾಲು! ಸಾಕುದನ ಮಾತ್ರ ಹೊರಗಿನಿಂದ ಬಂದದ್ದು. ಎರಡನ್ನೂ ಸೇರಿಸಿ ನೋಡಿದರೆ ದನ ಸಾಕುವ ವಿದ್ಯೆ ಒಬ್ಬರಿಂದ ಒಬ್ಬರಿಗೆ ದಾಟಿ ಬಂದಿದೆ, ದನದ ಹಿಂದೆ ಜನರ ದೊಡ್ಡ ಗುಂಪೇ ಬಂದು ತುಂಬಿಕೊಂಡಿಲ್ಲ. ಬಯಲು ಹಸಿರಾಗಿತ್ತು ಅಂದ ಮಾತ್ರಕ್ಕೆ ಎಲ್ಲರೂ ಎಲ್ಲ ಕಡೆ ಹೋಗಲಿಲ್ಲ. ಕೆರೆಯವರು ಕೆರೆ ಹಿಡಿದು ಕೂತರು, ಬೆಟ್ಟದವರು ಬೆಟ್ಟ ಹಿಡಿದು ಕೂತರು. ದಾರಿ ತೆರೆಯುವುದು ಮಳೆಯ ಕೈಯಲ್ಲಿತ್ತು, ನಡೆಯುವುದು ಜನರ ಕೈಯಲ್ಲಿ.

ಸಹಾರಾ ಹೀಗೆ ಹಸಿರಾದದ್ದು ಒಂದು ಸಲವಲ್ಲ. ಮೆಡಿಟರೇನಿಯನ್ ಸಮುದ್ರದ ತಳದ ಕೆಸರಿನ ಆಧಾರದ ಮೇಲೆ ಕಳೆದ 80 ಲಕ್ಷ ವರ್ಷಗಳಲ್ಲಿ 230 ಮೀರಿ ಹಸಿರು ಕಾಲಗಳನ್ನು ಎಣಿಸಿದ್ದಾರೆ. ಸುಮಾರು 1,25,000 ವರ್ಷದ ಹಿಂದಿನ ಹಸಿರು ಕಾಲ ಬಹಳ ಜೋರಾಗಿತ್ತು. ಅದರ ಆಸುಪಾಸಿನಲ್ಲೇ ನಮ್ಮಂಥ ಮನುಷ್ಯರು ಇಸ್ರೇಲಿನ ಸ್ಖೂಲ್, ಕಫ್ಜೆ ಗುಹೆಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಸೌದಿ ಅರೇಬಿಯಾದ ನಫೂದ್ ಮರುಭೂಮಿಯಲ್ಲಿ ಅಲ್ ವುಸ್ತಾ ಎಂಬ ಒಣಗಿದ ಕೆರೆಯ ಜಾಗದಲ್ಲಿ 85ರಿಂದ 90 ಸಾವಿರ ವರ್ಷ ಹಳೆಯದಾದ ಒಂದೇ ಒಂದು ಮನುಷ್ಯನ ಬೆರಳಿನ ಮೂಳೆ ಸಿಕ್ಕಿದೆ. ಅಲ್ಲೂ ಕೆರೆ, ಅಲ್ಲೂ ನೀರುಕುದುರೆಯ ಎಲುಬು. ಆ ಹಳೆಯ ಪ್ರಯಾಣಗಳ ಬಗ್ಗೆ ನಮ್ಮ ಕೈಗೆ ಸಿಕ್ಕಿರುವುದು ಇಂಥ ಚೂರುಗಳೇ. ಗೋಬೆರೋದಲ್ಲಿ ಮಾತ್ರ ಬಾಗಿಲು ತೆರೆದು, ಮುಚ್ಚಿ, ಮತ್ತೆ ತೆರೆದದ್ದು 200 ಸಮಾಧಿಗಳ ಲೆಕ್ಕದಲ್ಲಿ ಕಾಣುತ್ತದೆ.

ಕೊನೆಗೆ ಹೋದವರು

ಕ್ರಿ.ಪೂ. 2500ರ ಹೊತ್ತಿಗೆ ಗೋಬೆರೋ ಎರಡನೇ ಸಲ ಖಾಲಿಯಾಯಿತು. ಈ ಸಲ ಕೆರೆ ತಿರುಗಿ ತುಂಬಲಿಲ್ಲ.

ಮಳೆಪಟ್ಟೆ ಜಾರಿದ್ದು ದಕ್ಷಿಣಕ್ಕೆ, ಹುಲ್ಲೂ ಆ ಕಡೆಗೇ. ಸಹಾರಾದ ದಕ್ಷಿಣ ಅಂಚಿನಲ್ಲಿ ಅದೇ ಶತಮಾನಗಳಲ್ಲಿ ಒಂದು ದೊಡ್ಡ ಸಂಗತಿ ನಡೆಯಿತು. ಗೋಬೆರೋದಿಂದ ಪಶ್ಚಿಮಕ್ಕೆ, ಮಾಲಿ ದೇಶದ ಈಶಾನ್ಯದಲ್ಲಿ ತಿಲೆಮ್ಸಿ ಎಂಬ ಕಣಿವೆ. ಅಲ್ಲಿನ ದನಗಾಹಿಗಳು ಮಡಕೆ ಮಣ್ಣಿಗೆ ಹೊಟ್ಟು ಕಲಸುತ್ತಿದ್ದರು. ಬೆಂಕಿಯಲ್ಲಿ ಹೊಟ್ಟು ಸುಟ್ಟುಹೋಯಿತು, ಅದರ ಅಚ್ಚು ಮಾತ್ರ ಮಡಕೆಯಲ್ಲಿ ಉಳಿಯಿತು. ಕಾಡು ಹುಲ್ಲಿನ ಕಾಳು ಬಲಿತ ಕೂಡಲೇ ತಾನಾಗಿ ಉದುರುತ್ತದೆ, ತೊಟ್ಟು ಕಳಚಿದ ಜಾಗ ನುಣುಪಾಗಿರುತ್ತದೆ. ಸಾಕಿದ ಬೆಳೆಯ ಕಾಳು ತೆನೆಯಲ್ಲೇ ಕೂತಿರುತ್ತದೆ, ಬಡಿದು ಬಿಡಿಸಬೇಕು, ತೊಟ್ಟಿನ ಜಾಗ ಹರಿದಿರುತ್ತದೆ. ಈ ಮಡಕೆಗಳ ಅಚ್ಚುಗಳಲ್ಲಿ ಹರಿದ ತೊಟ್ಟು ಇತ್ತು. ಕಾಲ ಸುಮಾರು ಕ್ರಿ.ಪೂ. 2500. ಬೆಳೆ ಸಜ್ಜೆ.

ನಮ್ಮ ಜೋಳಕ್ಕೂ ಇಂಥದೇ ಸಾಕ್ಷಿ ಇದೆ. ಸುಡಾನಿನ ಪೂರ್ವದಲ್ಲಿ ಸಿಕ್ಕ ಕ್ರಿ.ಪೂ. 3500ರಿಂದ 3000ರ ಕಾಲದ ಮಡಕೆ ಚೂರುಗಳಲ್ಲಿ ಜೋಳದ ಹೊಟ್ಟಿನ ಅಚ್ಚು ಕಂಡಿತು ಎಂದು 2017ರಲ್ಲಿ ವರದಿಯಾಯಿತು. ಕೆಲವು ತೊಟ್ಟು ನುಣುಪು, ಕೆಲವು ಹರಿದವು. ಕಾಡು ಹುಲ್ಲು ಬೆಳೆಯಾಗುತ್ತಿದ್ದ ನಟ್ಟನಡುವಿನ ಗಳಿಗೆ ಅದು. ಕೆರೆ, ಮೀನು, ನೀರುಕುದುರೆಯನ್ನು ನೆಚ್ಚಿ ಬದುಕೋಕೆ ಆಗದ ಕಾಲದಲ್ಲಿ, ಕಮ್ಮಿ ನೀರಿಗೆ ಕಾಳು ಕಟ್ಟುವ ಹುಲ್ಲನ್ನು ಜನ ಕೈಹಿಡಿದರು.

ಸಜ್ಜೆ ಸಮುದ್ರ ದಾಟಿ ನಮ್ಮ ಕಡೆ ಬಂತು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆಯ ಹಳೇ ಊರಿನ ದಿಬ್ಬ ಅಗೆದಾಗ ಕ್ರಿ.ಪೂ. ಎರಡನೇ ಸಾವಿರಮಾನದ ಪದರಗಳಿಂದ ಬಂದ ಕರಕಲು ಕಾಳುಗಳಲ್ಲಿ ಸಜ್ಜೆಯೂ ಇತ್ತು. ಯಾರದೋ ಒಲೆಯಲ್ಲಿ ಕೈತಪ್ಪಿ ಬಿದ್ದು ಸುಟ್ಟ ಕಾಳು. ನಮ್ಮನೆಯಲ್ಲಿ ಸಂಕ್ರಾಂತಿ ಹಿಂದಿನ ದಿನ ಅವ್ವ ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಬಡಿಯುತ್ತಾಳೆ, ಹಂಚಿನ ಅಂಚಿಗೆ ಬಿದ್ದ ಹಿಟ್ಟಿನ ಚೂರು ಕಪ್ಪಗಾಗಿ ಅಲ್ಲೇ ಅಂಟಿಕೊಂಡಿರುತ್ತದೆ.